ದೋಣಿಮರವನ್ನು ಚದುರಿಸಿದ ಬೀರಮ್ಮ

ಬಹಳ ಹಿಂದೆ, ಕರಿಹೊಳೆಗೆ ಸೇತುವೆ ಎಂಬುದೇ ಇಲ್ಲದ ಕಾಲದಲ್ಲಿ, ಕರಿಕಡವು ಎಂಬ ಒಂದು ಊರಿತ್ತು. ಮನೆಗಳು ಹೊಳೆಯ ಈಚೆ, ಗದ್ದೆಗಳು ಆಚೆ. ದೋಣಿಯಿದ್ದರೆ ಊರು, ಇಲ್ಲದಿದ್ದರೆ ಇಲ್ಲ. ದೋಣಿಯೆಂದರೆ ಹಲಗೆ ಜೋಡಿಸಿದ್ದಲ್ಲ. ಒಂದೇ ಹೆಬ್ಬಲಸಿನ ಕಾಂಡವನ್ನು ಕೊರೆದು ಮಾಡಿದ್ದು. ಆ ಊರಿನ ದೋಣಿ ಕಡೆಯುವ ಮನೆಗೆ ಸೊಸೆಯಾಗಿ ಬಂದವಳು ಬೀರಮ್ಮ.

ಅವಳು ಮಿತಭಾಷಿ, ಆದರೆ ಅವಳ ಕಣ್ಣಿಗೆ ತಪ್ಪಿದ್ದು ಯಾವುದೂ ಇರಲಿಲ್ಲವೆಂದು ಹೇಳುತ್ತಾರೆ. ಮರ ಹುಡುಕಲು ಹೊರಟ ಗಂಡನ ಜೊತೆ ಕಾಡಿಗೆ ಹೋದಾಗ ಅವಳು ಒಂದು ಸಂಗತಿಯನ್ನು ಕಂಡಳು. ಹೆಬ್ಬಲಸಿನ ಬುಡದಲ್ಲಿ ಮಳೆಗಾಲಕ್ಕೆ ನೂರಾರು ಸಸಿಗಳು ಏಳುತ್ತಿದ್ದವು. ಮುಂದಿನ ಮಳೆಗಾಲಕ್ಕೆ ಒಂದೂ ಉಳಿಯುತ್ತಿರಲಿಲ್ಲ. ತಾಯಿಯ ಎಲೆ ತಿನ್ನುವ ಹುಳುವೇ ಕೆಳಗಿಳಿದು ಮಕ್ಕಳನ್ನೂ ತಿಂದು ಮುಗಿಸುತ್ತಿತ್ತು. ಆದರೆ ಮಂಗವೋ ಮಂಗಟ್ಟೆಹಕ್ಕಿಯೋ ಒಯ್ದು, ದೂರದಲ್ಲಿ, ಬೇರೆ ಜಾತಿಯ ಮರಗಳ ನಡುವೆ ಉದುರಿಸಿದ ಒಂದು ಬೀಜ ಮಾತ್ರ ಆಳೆತ್ತರ ಬೆಳೆದು ನಿಂತಿರುತ್ತಿತ್ತು. ಕಾಡಿನಲ್ಲಿ ಹೆಬ್ಬಲಸು ವಿರಳವಾಗಿರುವುದು ಅದರ ಬಡತನವಲ್ಲ, ಅದರ ಜಾಣತನ ಎಂದು ಅವಳಿಗೆ ಅಂದೇ ಹೊಳೆಯಿತಂತೆ.

ಆ ಕಾಲಕ್ಕೆ ಊರಿನ ಯಜಮಾನ ಜಟ್ಟಪ್ಪ. ಬೀರಮ್ಮನಿಗಿಂತ ನಾಲ್ಕು ವರ್ಷ ಚಿಕ್ಕವನು, ಊರಿನ ಹಿತ ಬಯಸುವವನು. ಒಂದು ದೋಣಿಮರಕ್ಕಾಗಿ ಎರಡು ದಿನ ಕಾಡು ಅಲೆಯುವುದೇಕೆ ಎಂದು ಅವನು ಕೇಳಿದ. ಹೊಳೆಯಂಚಿನ ಕಾಡನ್ನು ಸವರಿಸಿ, ಅಲ್ಲಿ ಬರಿಯ ಹೆಬ್ಬಲಸನ್ನೇ ಸಾಲುಸಾಲಾಗಿ ನೆಡಿಸಿದ. ಬೀರಮ್ಮ ಬೇಡವೆಂದಳು. ಒಂದೇ ಜಾತಿಯನ್ನು ಒತ್ತೊತ್ತಾಗಿ ನಿಲ್ಲಿಸುವುದೆಂದರೆ ಹುಳುವಿಗೆ ಎಲೆ ಹಾಕಿ ಪಂಕ್ತಿ ಕೂರಿಸಿದಂತೆ ಎಂದಳಂತೆ. ಊರು ನಕ್ಕಿತು.

ಬೀರಮ್ಮ ವಾದ ಮಾಡಲಿಲ್ಲ. ಹಣ್ಣಿನ ಕಾಲ ಬಂದಾಗ ಮಡಿಲ ತುಂಬ ಬೀಜ ಕಟ್ಟಿಕೊಂಡು ಹೊರಟಳು. ತಾಯಿಮರ ಕಣ್ಣಿಗೆ ಮರೆಯಾಗುವವರೆಗೂ ನಡೆಯುವಳು, ಒಂದು ಬೀಜ ಊರುವಳು, ಮತ್ತೆ ನಡೆಯುವಳು. ಬೀರಕ್ಕನಿಗೆ ಇನ್ನು ಬಾಲವೊಂದೇ ಬಾಕಿ ಎಂದು ಗಂಡಸರು ಹಾಸ್ಯ ಮಾಡುತ್ತಿದ್ದರು. ಒಮ್ಮೆ ಮಾತ್ರ ಅವಳು ತಿರುಗಿ ನಿಂತು, "ಈ ಕಾಡು ನೆಟ್ಟವರು ಯಾರಪ್ಪ, ನಿಮ್ಮ ಯಜಮಾನರೋ, ಮಂಗವೋ?" ಎಂದು ಕೇಳಿದಳಂತೆ. ಹಾಗೆ ಅವಳು ಮೂವತ್ತೆಂಟು ಮಳೆಗಾಲ ನಡೆದಳೆಂದು ಹೇಳುತ್ತಾರೆ. ನೆಟ್ಟದ್ದು ಮುನ್ನೂರೆಂದು ಕೆಲವರು, ಸಾವಿರವೆಂದು ಕೆಲವರು. ಎಣಿಸಿದವರಿಲ್ಲ.

ಜಟ್ಟಪ್ಪನ ತೋಪೂ ಬೆಳೆಯಿತು. ನೋಡಿದವರು ಕೊಂಡಾಡಿದರು. ತೋಪಿದೆಯಲ್ಲ ಎಂಬ ಧೈರ್ಯದಿಂದ ಊರವರು ಕಾಡಿನ ಹಳೆಯ ದೋಣಿಮರಗಳನ್ನು ಒಂದೊಂದಾಗಿ ಕಡಿದು ಮುಗಿಸಿದರು. ಆಮೇಲೆ ಒಂದು ವರ್ಷ ತೋಪಿನ ಮೂಲೆಯ ಮರಕ್ಕೆ ಕಾಂಡಕೊರೆಯುವ ಹುಳು ಬಿತ್ತು. ಅಲ್ಲಿಂದ ಪಕ್ಕದ ಮರಕ್ಕೆ, ಅಲ್ಲಿಂದ ಅದರ ಪಕ್ಕದ ಮರಕ್ಕೆ. ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ತೋಪು ಸೌದೆಯಾಗಿತ್ತು. ಮುಂದಿನ ಬೇಸಗೆಯಲ್ಲಿ, ನಾಟಿಗೆ ಒಂದೂವರೆ ತಿಂಗಳಿರುವಾಗ, ಊರಿಗೆ ಉಳಿದಿದ್ದ ಒಂದೇ ದೋಣಿ ನಡುವೆ ಸೀಳಿತು. ದೋಣಿಯಿಲ್ಲದೆ ನಾಟಿಯಿಲ್ಲ, ನಾಟಿಯಿಲ್ಲದೆ ಅನ್ನವಿಲ್ಲ. ಊರು ಬಿಡುವ ಮಾತು ಮನೆಮನೆಯಲ್ಲಿ ಎದ್ದಿತು.

ಜಟ್ಟಪ್ಪ ಬೀರಮ್ಮನ ಅಂಗಳಕ್ಕೆ ಬಂದು ನಿಂತ. ಅವಳು ಕೋಲು ಹಿಡಿದು ಮುಂದೆ ನಡೆದಳು. ಅವನೂ ಹತ್ತು ಜನ ಗಂಡಸರೂ ಹಿಂದೆ ನಡೆದರು. ದಟ್ಟ ಕಾಡಿನ ನಡುವೆ, ಅದರ ಜಾತಿಯ ಇನ್ನೊಂದು ಮರ ಸುತ್ತೆಲ್ಲೂ ಕಾಣದ ಕಡೆ, ನೆಟ್ಟಗೆ, ಒಂದು ಗಂಟೂ ಇಲ್ಲದೆ, ಒಂದು ಹೆಬ್ಬಲಸು ನಿಂತಿತ್ತು. ಗಂಡಸರು ತಲೆಯ ರುಮಾಲು ಬಿಚ್ಚಿದರೆಂದು ಹೇಳುತ್ತಾರೆ.

ಜಟ್ಟಪ್ಪ ಕೊಡಲಿ ಎತ್ತಿದ. ಬೀರಮ್ಮ ಕಾಂಡಕ್ಕೆ ಅಂಗೈ ಒತ್ತಿ ನಿಂತಳು.

"ಇದರ ಸುತ್ತ ನಿಂತಿರುವವರ ಹೆಸರು ಹೇಳು, ತಮ್ಮಾ. ಹುಳುವಿಗೆ ಇದರ ದಾರಿ ತೋರಿಸದೆ ಇಷ್ಟು ವರ್ಷ ಕಾಯ್ದವರು ಅವರು."

ಅವನು ನೇರಳೆ ಎಂದ, ನಂದಿ ಎಂದ, ಮುರುಗಲು ಎಂದ, ರಾಮಪತ್ರೆ ಎಂದ. ಅಲ್ಲಿಗೆ ನಿಂತ. ಬಳಲಿ ಪಕ್ಕದ ಒಂದು ಮರಕ್ಕೆ ಕೈ ಊರಿದ. ಅದು ಕಾಡುಗೇರು, ಅದರ ಸೊನೆ ತಾಗಿದರೆ ಚರ್ಮ ಬೊಕ್ಕೆ ಏಳುತ್ತದೆ.

"ಐದನೆಯದರ ಹೆಸರನ್ನು ನಾಳೆ ನಿನ್ನ ಅಂಗೈಯೇ ಹೇಳುತ್ತದೆ, ಬಿಡು," ಎಂದಳು ಬೀರಮ್ಮ.

ಗಂಡಸರು ನಗು ತಡೆದುಕೊಂಡರು. ಮಳೆ ಬರುತ್ತದೆ, ದಿನವಿಲ್ಲ ಎಂದು ಬೇಡಿಕೊಂಡರು. ಅವಳು ಕೈ ತೆಗೆಯಲಿಲ್ಲ. ಹೆಸರು ಗೊತ್ತಿಲ್ಲದವನು ಇವತ್ತು ಒಂದು ಕಡಿಯುತ್ತಾನೆ, ನಾಳೆ ಸುತ್ತಲಿನದನ್ನೆಲ್ಲ ಸವರುತ್ತಾನೆ, ಆಮೇಲೆ ಊರನ್ನು ಯಾವ ದೋಣಿಯೂ ಉಳಿಸುವುದಿಲ್ಲ ಎಂದಳಂತೆ. ಜಟ್ಟಪ್ಪ ಕೊಡಲಿ ಕೆಳಗಿಟ್ಟ.

ಎಂಟು ದಿನ ಅವನು, ಊದಿದ ಕೈಗೆ ಬಟ್ಟೆ ಸುತ್ತಿಕೊಂಡು, ಅವಳ ಹಿಂದೆ ಕಾಡು ಸುತ್ತಿದ. ಎಲೆ ಮುರಿದು ಮೂಸಿ ನೋಡಿದ, ತೊಗಟೆ ಕೆರೆದು ನೋಡಿದ, ಬಿದ್ದ ಕಾಯಿಗಳನ್ನು ಒಡೆದು ನೋಡಿದ. ಅರವತ್ತು ದಾಟಿದ ಯಜಮಾನ ಹೀಗೆ ಪಾಠ ಕಲಿತದ್ದನ್ನು ನಮ್ಮವರು ಅವಮಾನವೆಂದು ಎಂದೂ ಹೇಳಿದ್ದಿಲ್ಲ. ಅದು ಅವನ ದೊಡ್ಡತನವೆಂದೇ ಹೇಳುತ್ತಾರೆ. ಒಂಬತ್ತನೆಯ ದಿನ ಅವನು ಆ ಮರದ ಸುತ್ತಲಿನ ಹದಿನೇಳು ಜಾತಿಗಳನ್ನು ತಡವರಿಸದೆ ಹೇಳಿದ. ಬೀರಮ್ಮ ಕೈ ತೆಗೆದಳು. ಹಗಲಿರುಳು ಕೊರೆದ ದೋಣಿ ನೀರಿಗಿಳಿದದ್ದೂ ಹೊಳೆಗೆ ಹೊಸಮಳೆಯ ಮೊದಲ ಕೆಂಪುನೀರು ಬಂದದ್ದೂ ಒಂದೇ ದಿನವಂತೆ. ಆ ವರ್ಷ ನಾಟಿ ತಪ್ಪಲಿಲ್ಲ. ಊರು ಕದಲಲಿಲ್ಲ.

ಬೀರಮ್ಮನಿಗೆ ನಾವು ಗುಡಿ ಕಟ್ಟಿಲ್ಲ, ಕಲ್ಲು ನಿಲ್ಲಿಸಿಲ್ಲ. ಈಗ ಸೇತುವೆಯಿದೆ, ಮೀನಿಗೆ ಹೋಗುವವರಿಗಷ್ಟೇ ದೋಣಿ ಬೇಕು. ಆದರೂ ಕರಿಕಡವಿನಲ್ಲಿ ಕೊಡಲಿ ಹಿಡಿದವನು ಮರದ ಮುಂದೆ ನಿಂತು ಸುತ್ತಲಿನ ಮರಗಳನ್ನೆಲ್ಲ ಹೆಸರು ಹಿಡಿದು ಕರೆಯದೆ ಮೊದಲ ಪೆಟ್ಟು ಹಾಕುವುದಿಲ್ಲ. ಕಳೆದ ಸಲ ಹೋದವನು ನಮ್ಮೂರಿನ ನುರಿತ ಕೆಲಸಗಾರ. ಹನ್ನೊಂದು ಹೇಳಿದ, ಹನ್ನೆರಡನೆಯ ಎಳೆಮರದ ಹೆಸರು ಅವನಿಗೆ ತಿಳಿಯಲಿಲ್ಲ. ಜೊತೆಗೆ ಬೇರೆ ಯಾರೂ ಇರಲಿಲ್ಲ. ಅವನು ಅದರ ಒಂದು ಎಲೆಯನ್ನು ಜೇಬಿನಲ್ಲಿಟ್ಟುಕೊಂಡು, ಕೊಡಲಿ ಹೆಗಲಿಗೇರಿಸಿ, ಮನೆಗೆ ಹಿಂದಿರುಗಿದ.