ಮುದ್ದುರಂಗ ಎಲ್ಲಿ ನಿಲ್ಲಬೇಕು

ಒಂದಾನೊಂದು ಊರಿನಲ್ಲಿ, ಆ ಊರು ಎಲ್ಲಿತ್ತು ಅಂತ ಕೇಳುವವರು ಈಗಲೇ ಹೋಗಿ ಮಲಗಿ, ಅಂಥವರಿಗೆ ನನ್ನ ಹತ್ತಿರ ಕತೆಯಿಲ್ಲ. ತತ್ತಿಗೇರಿ ಅಂತ ಅದರ ಹೆಸರು. ಅಲ್ಲೊಂದು ಮೈದಾನ. ಮೈದಾನ ಕೋಳಿಮೊಟ್ಟೆಯ ಆಕಾರ. ಅದರಲ್ಲಿ ಆಡುವ ಚೆಂಡೂ ಕೋಳಿಮೊಟ್ಟೆಯ ಆಕಾರ. ಆಸ್ಟ್ರೇಲಿಯಾದವರು ಆಡುತ್ತಾರಲ್ಲ, ಆ ಫುಟ್‌ಬಾಲು. ಅಷ್ಟು ದೂರದ ಆಟ ತತ್ತಿಗೇರಿಗೆ ಹೇಗೆ ಬಂತು ಅಂದರೆ, ಉರುಳಿಕೊಂಡು ಬಂತು. ಮೊಟ್ಟೆಯಾಕಾರದ ಚೆಂಡು ಒಂದು ಕಡೆ ಒದ್ದರೆ ಇನ್ನೊಂದು ಕಡೆ ಹೋಗುತ್ತದೆ. ಅವರು ಅಲ್ಲಿಗೇ ಅಂತ ಒದ್ದರು, ಅದು ಇಲ್ಲಿಗೆ ಬಂತು.

ಬಹಳ ದಯೆಯಿರುವ ಆಟ ಅದು. ಕಾಲಲ್ಲಿ ಒದೆಯಬಹುದು, ಕೈಯಲ್ಲಿ ಗುದ್ದಬಹುದು, ಇನ್ನೊಬ್ಬನ ಹೆಗಲ ಮೇಲೆ ಹತ್ತಿ ಚೆಂಡು ಹಿಡಿಯಬಹುದು. ಮೈದಾನದ ಎರಡು ತುದಿಗೂ ನಾಲ್ಕು ನಾಲ್ಕು ಕಂಬ. ನಡುವಿನ ಸಂದಿಯಲ್ಲಿ ಒದ್ದರೆ ಆರು ಅಂಕ. ಪಕ್ಕದ ಸಂದಿಯಲ್ಲಿ ಹೋದರೆ, ಪಾಪ ಗುರಿ ತಪ್ಪಿತಲ್ಲ ಅಂತ ಒಂದು ಅಂಕ. ತಪ್ಪಿದ್ದಕ್ಕೂ ಅಂಕ ಕೊಡುವ ಆಟ ಅಂದಮೇಲೆ ತತ್ತಿಗೇರಿಯವರಿಗೆ ಹಿಡಿಸದೆ ಇರುತ್ತದೆಯೇ.

ಈಗ ಆ ಊರಿನ ಪದ್ಧತಿ ಕೇಳಿ. ಮೈದಾನದ ಬೇಲಿಯ ಸುತ್ತ ಕಲ್ಲುಚಪ್ಪಡಿಗಳು. ಒಂದೊಂದು ಮನೆಗೆ ಒಂದೊಂದು ಚಪ್ಪಡಿ. ಅಜ್ಜ ಕೂತಲ್ಲಿ ಅಪ್ಪ, ಅಪ್ಪ ಕೂತಲ್ಲಿ ಮಗ. ಆಟದ ಮಾತು ಆಡಬೇಕಾದರೆ ಅವರವರ ಚಪ್ಪಡಿಯ ಮೇಲೆ ಕೂತೇ ಆಡಬೇಕು. ಹೊಸ ಆಟಗಾರ ಬಂದರೆ ಅವನು ಎಲ್ಲಿ ನಿಂತು ಆಡಬೇಕು ಅಂತ ಚಪ್ಪಡಿಯವರೆಲ್ಲ ಒಪ್ಪಬೇಕು. ಒಪ್ಪಿದ ಜಾಗದಲ್ಲಿ ಸುಣ್ಣದಿಂದ ಒಂದು ಸುತ್ತು ಬರೆಯಬೇಕು. ಸುತ್ತು ಬರೆಯುವ ತನಕ ಅವನು ಬೇಲಿಯೊಳಗೆ ಕಾಲಿಡುವಂತಿಲ್ಲ. ಹೀಗೇ ನಡೆದುಕೊಂಡು ಬಂದಿತ್ತು, ಯಾರಿಗೂ ತೊಂದರೆಯಿರಲಿಲ್ಲ, ಮುದ್ದುರಂಗ ಬರುವ ತನಕ.

ಮುದ್ದುರಂಗ ಎತ್ತರದ ಹುಡುಗ, ಆಗಷ್ಟೇ ಮೀಸೆ ಚಿಗುರಿತ್ತು. ಒಂದು ದಿನ ಪಾತ್ರೆ ಅಂಗಡಿ ವೀರಭದ್ರಪ್ಪನವರ ಅಟ್ಟದಿಂದ ಹಿತ್ತಾಳೆ ಹಂಡೆಯೊಂದು ಜಾರಿತು. ದಾರಿಯಲ್ಲಿ ಹೋಗುತ್ತಿದ್ದ ಮುದ್ದುರಂಗ ಒಂದೇ ನೆಗೆತಕ್ಕೆ ಮೇಲೆ ಹೋದ, ಹಂಡೆಯನ್ನು ಎದೆಗಪ್ಪಿಕೊಂಡು ಕೆಳಗೆ ಬಂದ. ಹಂಡೆಗೆ ಒಂದು ತಗ್ಗೂ ಬಿದ್ದಿರಲಿಲ್ಲ. ಅಷ್ಟೇ ನೋಡಿ. ಅವನು ಚೆಂಡು ಮುಟ್ಟಿದ್ದನ್ನು ಯಾರೂ ನೋಡಿದವರಿಲ್ಲ, ಓಡಿದ್ದನ್ನು ನೋಡಿದವರಿಲ್ಲ. ಸಂಜೆಯ ಹೊತ್ತಿಗೆ ಊರೆಲ್ಲ ಅವನ ಮಾತು.

ಮುದ್ದುರಂಗನಿಗೆ ಆಸೆ ಇದ್ದದ್ದು ಒಂದೇ. ಒಂದು ಸಲ ಆಡಬೇಕು. ಆ ಚೆಂಡನ್ನು ಕೈಯಲ್ಲಿ ಹಿಡಿಯಬೇಕು, ಒದೆಯಬೇಕು, ಅದು ಎಲ್ಲಿ ಹೋಗುತ್ತದೋ ನೋಡಬೇಕು. ಇದನ್ನು ಅವನು ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

"ಅವನ ಕೈ ನೋಡಿದ್ರಾ? ಗೋಲಿನ ಮುಂದೆ ಇರಬೇಕಾದ ಕೈ ಅದು," ಅಂದರು ಬೋಂಡದ ಸಾಕವ್ವ. ಅವರ ಚಪ್ಪಡಿ ಇದ್ದದ್ದು ಎದುರಾಳಿಗಳ ಗೋಲಿನ ಮುಂದಿನ ಬೇಲಿಯಲ್ಲಿ.

"ಕೈ ಬಿಡವ್ವ, ಕಾಲು ನೋಡು. ಪಕ್ಕದಲ್ಲಿ ಓಡೋಕೆ ಅಂತಾನೇ ಹೊಲಿದ ಕಾಲು," ಅಂದರು ಟೈಲರ್ ದಸ್ತಗೀರ್ ಸಾಬರು. ಅವರ ಚಪ್ಪಡಿ ಇದ್ದದ್ದು ಪಡುವಣ ಪಕ್ಕದ ಬೇಲಿಯಲ್ಲಿ.

"ಹಂಡೆ ಹಿಡಿದವನು ಹಿಂದೇ ನಿಲ್ಲಬೇಕು. ಬೀಳೋದನ್ನ ಕಾಯೋದು ಹಿಂದಿನವರ ಕೆಲಸ," ಅಂದರು ವೀರಭದ್ರಪ್ಪನವರು. ಅವರ ಚಪ್ಪಡಿ ಎಲ್ಲಿತ್ತು ಅಂತ ನಾನು ಹೇಳಬೇಕೇ? ನಮ್ಮ ಕಡೆಯ ಗೋಲಿನ ಹಿಂದೆ, ಹುಣಸೆಮರದ ನೆರಳಲ್ಲಿ ಇತ್ತು.

ಈ ಮಾತು ಒಂದು ವಾರ ನಡೆಯಿತು, ಒಂದು ತಿಂಗಳು ನಡೆಯಿತು. ಎಲ್ಲಿ ನಿಲ್ಲಬೇಕು ಅನ್ನುವುದರ ಜೊತೆಗೆ, ಮುಂದೆ ಇವನು ಏನಾಗಬಹುದು ಅನ್ನುವುದೂ ಸೇರಿಕೊಂಡಿತು. ಇವನೊಳಗೆ ಕಸುವು ಎಷ್ಟಿದೆ? ಸಾಕವ್ವ ಬಿಂದಿಗೆ ತುಂಬ ಅಂದರು. ಸಾಬರು ಕೊಳಗ ತುಂಬ ಅಂದರು. ವೀರಭದ್ರಪ್ಪನವರು ಪಾತ್ರೆ ವಿಷಯದಲ್ಲಿ ಸೋಲುವವರೇ? ಹಂಡೆ ತುಂಬ, ಅದೂ ಕಂಠಮಟ್ಟ ಅಂದುಬಿಟ್ಟರು.

ಕಂಠಮಟ್ಟ ಇದ್ದರೆ ಅಲುಗಾಡಿದರೆ ತುಳುಕುತ್ತದಲ್ಲ? ಹೌದಲ್ಲ, ಅಂದರು ಎಲ್ಲರೂ. ಆ ಹೊತ್ತಿನಿಂದ ಮುದ್ದುರಂಗ ಓಡಬಾರದು ಅಂತಾಯಿತು. ನೆಗೆಯಬಾರದು ಅಂತಾಯಿತು. ಮೆಟ್ಟಿಲು ಹತ್ತಿದರೆ ಒಂದು ಚೊಂಬು ಖರ್ಚು, ಸೀನಿದರೆ ಎರಡು ಚೊಂಬು. ಅವನನ್ನು ಮಂಚದ ಮೇಲೆ ಮಲಗಿಸಿ, ಮಂಚವನ್ನು ನಾಲ್ಕು ಜನ ಹೊತ್ತು, ಬೀದಿಯಲ್ಲಿ ನಿಧಾನಕ್ಕೆ ಓಡಾಡಿಸಿದರು.

"ಅಣ್ಣಾ, ನಾನೇ ನಡೀತೀನಿ," ಅಂದ ಮುದ್ದುರಂಗ.

"ಸುಮ್ನಿರಪ್ಪ, ಮಾತಾಡಬೇಡ. ಮಾತಲ್ಲೂ ಹೋಗುತ್ತೆ," ಅಂದರು ಹೊತ್ತವರು.

ಮಲಗಿಯೇ ಅವನು ಮೈದಾನದ ಕಡೆ ನೋಡುತ್ತಿದ್ದ. ಒಳಗೆ ಬೇರೆಯವರು ಆಡುತ್ತಿದ್ದರು. ಅವರಲ್ಲಿ ಒಬ್ಬನಿಗೂ ಬಿಂದಿಗೆಯಷ್ಟು ಕಸುವಿರಲಿಲ್ಲ, ಆದರೂ ಖುಷಿಯಾಗಿ ಆಡುತ್ತಿದ್ದರು. ಮುದ್ದುರಂಗನಿಗೆ ಹೊಟ್ಟೆ ಉರಿಯಿತು.

ಜಗಳ ಬಗೆಹರಿಯಲಿಲ್ಲ. ಕೊನೆಗೆ ರಾಜನ ಹತ್ತಿರ ಹೋಗೋಣ ಅಂತಾಯಿತು. ಚಪ್ಪಡಿ ಬಿಟ್ಟು ಆಟದ ಮಾತು ಆಡುವಂತಿಲ್ಲವಲ್ಲ, ಅದಕ್ಕೆ ಚಪ್ಪಡಿಗಳನ್ನೂ ತಲೆಯ ಮೇಲೆ ಹೊತ್ತುಕೊಂಡು ಹೋದರು. ಅರಮನೆಯಲ್ಲಿ ಅವನ್ನು ಇಳಿಸಿ, ಊರಲ್ಲಿ ಹೇಗಿತ್ತೋ ಹಾಗೇ ದಿಕ್ಕು ನೋಡಿ ಇಟ್ಟು, ಕೂತರು.

ರಾಜನಿಗೆ ಮೀಸೆಯ ಚಿಂತೆ. ಎರಡೂ ಕಡೆ ಸಮ ಇರಬೇಕು. ಬೆಳೆಯುತ್ತ ಬೆಳೆಯುತ್ತ ಅದು ಎಷ್ಟು ಉದ್ದವಾಗಿತ್ತೆಂದರೆ, ಬಲಕ್ಕೆ ಇಬ್ಬರು, ಎಡಕ್ಕೆ ಇಬ್ಬರು ಆಳುಗಳು ಉದ್ದುದ್ದ ಕವೆಗೋಲಿನಲ್ಲಿ ಎತ್ತಿ ಹಿಡಿದುಕೊಂಡೇ ಇರಬೇಕಿತ್ತು. ಆ ಚಿಂತೆಯಿಂದಾಗಿ ರಾಜ ಯಾವ ನ್ಯಾಯ ಹೇಳಿದರೂ ಎಲ್ಲರಿಗೂ ಸಮ ಬರುವ ಹಾಗೇ ಹೇಳುತ್ತಿದ್ದ.

"ಹೆಸರು ಸಾಕವ್ವನ ಕಡೆ ಆಡಲಿ," ಅಂದ ರಾಜ. "ನೆರಳು ಸಾಬರ ಕಡೆ ಆಡಲಿ. ದನಿ ವೀರಭದ್ರಪ್ಪನ ಕಡೆ ಆಡಲಿ. ಸಮ ಆಯ್ತೋ ಇಲ್ವೋ?"

"ಆಯ್ತು ಬುದ್ಧಿ," ಅಂದರು ಮೂವರೂ, ಸಂತೋಷದಿಂದ.

"ಬುದ್ಧಿ, ನಾನು?" ಅಂದ ಮಂಚದ ಮೇಲಿಂದ ಮುದ್ದುರಂಗ.

ರಾಜ ಬೆರಳು ಮಡಚಿ ನೋಡಿದ. "ನೀನು ಮಿಕ್ಕಿದೆಯಲ್ಲಪ್ಪ. ಮಿಕ್ಕಿದ್ದು ಬೇಲಿಯ ಹೊರಗಿರಲಿ," ಅಂದ.

ಪಕ್ಕದೂರಿನವರ ಮೇಲೆ ಮ್ಯಾಚು ಶುರುವಾಯಿತು. ಗೋಲಿನ ಮುಂದೆ ಅವನ ಹೆಸರಿಗೆ ಸುಣ್ಣದ ಸುತ್ತು ಬರೆದು, ಇಲ್ಲಿ ಮುದ್ದುರಂಗ ನಿಂತಿದ್ದಾನೆ ಅಂತ ಸಾರಿದರು. ಹಂಡೆ ಹಿಡಿದವನ ಹೆಸರು ಪಕ್ಕದೂರಿಗೂ ಮುಟ್ಟಿತ್ತು. ಅವರು ಗಾಬರಿಯಾಗಿ ಇಬ್ಬರನ್ನು ಆ ಖಾಲಿ ಸುತ್ತಿನ ಕಾವಲಿಗೆ ಹಾಕಿದರು. ಉಳಿದ ಜಾಗದಲ್ಲಿ ಇಬ್ಬರು ಕಮ್ಮಿಯಾದರು. ನಮ್ಮವರು ಗೋಲಿನ ಮೇಲೆ ಗೋಲು ಹೊಡೆದರು. "ನೋಡಿದ್ರಾ ಅವನ ಆಟ," ಅಂತ ಸಾಕವ್ವ ಬೋಂಡ ಹಂಚಿದರು. ಪಡುವಣ ಬೇಲಿಯಾಚೆ ಮುದ್ದುರಂಗನನ್ನು ನಿಲ್ಲಿಸಿದ್ದರಲ್ಲ, ಸಂಜೆ ಬಿಸಿಲಿಗೆ ಅವನ ನೆರಳು ಒಳಗೆ ಚಾಚಿಕೊಂಡಿತು. ಪಕ್ಕದೂರಿನವನೊಬ್ಬ ಬೆದರಿ ಚೆಂಡು ಬಿಟ್ಟ. "ಏನು ಲಕ್ಷಣವಾಗಿ ಓಡ್ತಾನೆ," ಅಂದರು ಸಾಬರು. ಹೊರಗಿನಿಂದಲೇ ಅವನು ಹಿಡಿ, ಬಿಡಬೇಡ ಅಂತ ಕೂಗುತ್ತಿದ್ದ, ಹಿಂದಿನವರು ಹಿಡಿದರು, ಬಿಡಲಿಲ್ಲ. ವೀರಭದ್ರಪ್ಪನವರು ಕಣ್ಣೊರೆಸಿಕೊಂಡರು.

ಮ್ಯಾಚು ಗೆದ್ದಾಯಿತು. ಊರು ಕುಣಿಯಿತು. ಮುದ್ದುರಂಗ ಚೆಂಡಿನ ಬಣ್ಣವನ್ನೂ ಹತ್ತಿರದಿಂದ ನೋಡಿರಲಿಲ್ಲ.

ಹೀಗೇ ಮ್ಯಾಚಿನ ಮೇಲೆ ಮ್ಯಾಚು ನಡೆದವು. ಆದರೆ ಬಳಸಿದ್ದು ಸವೆಯದೆ ಇರುತ್ತದೆಯೇ? ಮೊದಲು ದನಿ ಸವೆಯಿತು, ಗಂಟಲಿನಿಂದ ಗಾಳಿ ಮಾತ್ರ ಬಂತು. ಆಮೇಲೆ ನೆರಳು ಸವೆಯಿತು, ಮೊಣಕೈಯ ಹತ್ತಿರ ಬಿಸಿಲು ಕಾಣುತ್ತಿತ್ತು. "ನೆರಳಿಗೆ ಪೆಟ್ಟಾಗಿದೆ, ಮುಂದಿನ ಮ್ಯಾಚಿಗೆ ಸರಿಹೋಗುತ್ತೆ," ಅಂದರು ಸಾಬರು. ಕಡೆಗೆ ಹೆಸರೂ ಸವೆಯಿತು. ಒಂದು ಮಧ್ಯಾಹ್ನ ಅವನ ಅವ್ವ ಊಟಕ್ಕೆ ಕರೆದಳು. "ಮುದ್ದು" ಅನ್ನುವಷ್ಟು ಬಂತು, ಮಿಕ್ಕಿದ್ದು ಬರಲಿಲ್ಲ. ಎಷ್ಟು ಕರೆದರೂ ಬರಲಿಲ್ಲ. ಅವಳು ಅನ್ನದ ತಟ್ಟೆ ಹಿಡಿದುಕೊಂಡು ಅತ್ತಳು.

ಮುದ್ದುರಂಗನಿಗೆ ಆಗ ನಿಜವಾಗಿ ಹೆದರಿಕೆಯಾಯಿತು. ಇನ್ನು ಒಂದೆರಡು ಮ್ಯಾಚು ಆದರೆ ನಾನು ಪೂರ್ತಿ ಖರ್ಚಾಗಿಬಿಡುತ್ತೇನೆ, ಅದೂ ಒಂದು ಸಲವೂ ಆಡದೆ, ಅನ್ನಿಸಿತು. ಮಂಚದಿಂದಿಳಿದು ಬೇಲಿಯ ಹತ್ತಿರ ಹೋಗಿ ನಿಂತ. ಒಳಗೆ ಮ್ಯಾಚು ಶುರುವಾಗುವುದರಲ್ಲಿತ್ತು. ಚೆಂಡು ಬೇಲಿಯ ಬುಡದಲ್ಲೇ ಹುಲ್ಲಲ್ಲಿ ಬಿದ್ದಿತ್ತು.

"ನಾನು ಒಳಗೆ ಬರೋ ಹಾಗಿಲ್ಲ. ನೀನಾದರೂ ಹೊರಗೆ ಬಾ," ಅಂದ ಮುದ್ದುರಂಗ, ಪಿಸುದನಿಯಲ್ಲಿ. ಅವನಲ್ಲಿ ಉಳಿದಿದ್ದದ್ದೇ ಅಷ್ಟು ದನಿ.

"ಬರ್ತೀನಿ. ಆದರೆ ನನಗೊಂದು ವಿಷಯ ಗೊತ್ತಾಗಬೇಕು," ಅಂದಿತು ಚೆಂಡು. "ನನಗೆ ಎರಡು ತುದಿ. ತಲೆ ಯಾವುದು, ಬಾಲ ಯಾವುದು? ಹುಟ್ಟಿದಾಗಿನಿಂದ ಒದೆಸಿಕೊಂಡಿದ್ದೇನೆ, ಒಬ್ಬರೂ ಹೇಳಿಲ್ಲ."

ಮುದ್ದುರಂಗ ಬಗ್ಗಿ ನೋಡಿದ. ಎರಡೂ ಒಂದೇ ಥರ ಇದ್ದವು. "ನೀನು ನನ್ನ ಹತ್ತಿರ ಬರುವಾಗ ಯಾವ ತುದಿ ಮುಂದಿರುತ್ತೋ ಅದು ತಲೆ," ಅಂದ.

"ಹಾಗಾದರೆ ಬಂದೇ ನೋಡಬೇಕಾಯ್ತು," ಅಂದಿತು ಚೆಂಡು.

ಮ್ಯಾಚು ಶುರುವಾದ ತಕ್ಷಣ ಯಾರೋ ಒದ್ದರು, ಚೆಂಡು ಬೇರೆಲ್ಲೂ ಹೋಗದೆ ನೇರ ಬೇಲಿ ಹಾರಿ ಮುದ್ದುರಂಗನ ಎದೆಗೆ ಬಂತು. ಅವನು ಹಿಡಿದ. ಹಿಡಿದವನು ನಿಲ್ಲದೆ ಓಡಿದ. ಸುತ್ತಿಲ್ಲದೆ ಒಳಗೆ ಬರಬಾರದು ಅಂತ ಪದ್ಧತಿಯಿತ್ತೇ ಹೊರತು, ಒಳಗಿದ್ದವರು ಹೊರಗೆ ಬರಬಾರದು ಅಂತ ಎಲ್ಲಿತ್ತು? ಚೆಂಡು ಹೋದ ಕಡೆ ಆಟ ಅಂತ ಎರಡೂ ಕಡೆಯ ಆಟಗಾರರು ಬೇಲಿ ಹಾರಿ ಬೀದಿಗೆ ಬಂದರು.

ಚಪ್ಪಡಿಯ ಮೇಲೆ ಕೂತವರಿಗೆ ಮುಂದೆ ಬರೀ ಹುಲ್ಲು ಕಾಣಿಸಿತು. ಆಟ ಬೆನ್ನ ಹಿಂದೆ ನಡೆಯುತ್ತಿತ್ತು. ಚಪ್ಪಡಿ ಹೊತ್ತುಕೊಂಡು ಓಡುವಷ್ಟು ಪುರಸೊತ್ತಿರಲಿಲ್ಲ. ಮೊದಲು ಸಾಕವ್ವ ಎದ್ದರು, ಆಮೇಲೆ ಸಾಬರು, ಸೊಂಟ ಹಿಡಿದುಕೊಂಡು ವೀರಭದ್ರಪ್ಪನವರು. ತಲೆತಲಾಂತರದಲ್ಲಿ ಮೊದಲ ಸಲ ತತ್ತಿಗೇರಿ ಎದ್ದು ನಿಂತಿತು, ಎದ್ದು ಓಡಿತು.

ಮುದ್ದುರಂಗ ಹೇಗೆ ಆಡಿದ ಅಂತೀರಾ? ಸುಮಾರಾಗಿ ಆಡಿದ. ಎರಡು ಸಲ ಚೆಂಡು ಬಿಟ್ಟ, ಒಂದು ಸಲ ಚರಂಡಿಗೆ ಬಿದ್ದ. ಒಂದು ಸಲ ಮಾತ್ರ ಪಕ್ಕದೂರಿನವನ ಹೆಗಲ ಮೇಲೆ ಹತ್ತಿ ಹಿಡಿದನಲ್ಲ, ಅದು ಚೆನ್ನಾಗಿತ್ತು. ಎದುರಿಗೆ, ಏನಪ್ಪ ಗದ್ದಲ ಅಂತ ನೋಡಲು ಬಂದ ರಾಜ ಬೀದಿಯ ತುದಿಯಲ್ಲಿ ನಿಂತಿದ್ದ. ಬಲಕ್ಕೆ ಎರಡು ಕವೆಗೋಲು, ಎಡಕ್ಕೆ ಎರಡು. ಒಟ್ಟು ನಾಲ್ಕು ಕಂಬ. ಮುದ್ದುರಂಗ ಬೇರೆ ಗೋಲು ಹುಡುಕಲಿಲ್ಲ, ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ ಒದ್ದ. ಚೆಂಡು ನಡುವೆ ಹೋಗಿದ್ದರೆ ರಾಜನ ಮೂಗು ಹೋಗುತ್ತಿತ್ತು. ದೇವರು ದೊಡ್ಡವನು, ಪಕ್ಕದ ಸಂದಿಯಲ್ಲಿ ಹೋಯಿತು. ಬಲಮೀಸೆಯನ್ನು ಸ್ವಲ್ಪ ಕಿತ್ತುಕೊಂಡೇ ಹೋಯಿತು. ಇನ್ನು ಸಮ ಮಾಡುವುದು ಹೇಗೆ ಅಂತ ರಾಜ ಅಲ್ಲೇ ಕುಸಿದ.

ಒಂದು ಅಂಕ. ಮುದ್ದುರಂಗನಿಗೆ ನಗುವೂ ಬಂತು, ಅಳುವೂ ಬಂತು. ಚರಂಡಿಯ ಕೆಸರು ಮೊಣಕಾಲ ತನಕ ಇತ್ತು, ಹಂಡೆಯಲ್ಲಿದ್ದದ್ದೆಲ್ಲ ತುಳುಕಿ ಹೋಗಿತ್ತು, ಮೈ ಹಗುರವಾಗಿತ್ತು. ಇಷ್ಟು ದಿನ ಬೇಕಾಗಿದ್ದದ್ದು ಇದೇ, ಅಂದುಕೊಂಡ.

ಆಮೇಲೆ ಅವನಿಗೆ ನೆನಪಾಯಿತು, ಊರಿನವರ ಮಾತು ಮೀರಿದ್ದೇನೆ ಅಂತ. ಹೆದರಿಕೊಂಡೇ ಅವರ ಹತ್ತಿರ ಬಂದ. ಮೂವರೂ ಏದುಸಿರು ಬಿಡುತ್ತ ಬೀದಿಯ ನಡುವೆ ಒಟ್ಟಿಗೆ ನಿಂತಿದ್ದರು.

"ತಪ್ಪಾಯ್ತು ಸಾಕವ್ವಾ," ಅಂದ. "ಈಗಲಾದರೂ ಹೇಳಿ. ನಾನು ಎಲ್ಲಿ ನಿಂತು ಆಡಲಿ?"

ಸಾಕವ್ವ ಸಾಬರ ಮುಖ ನೋಡಿದರು. ಸಾಬರು ವೀರಭದ್ರಪ್ಪನವರ ಮುಖ ನೋಡಿದರು. ವೀರಭದ್ರಪ್ಪನವರು ಅತ್ತ ನೋಡಿದರು, ಇತ್ತ ನೋಡಿದರು, ತಾವು ಎಲ್ಲಿದ್ದೇವೆ ಅಂತಲೇ ತಿಳಿಯದೆ ತಲೆ ಕೆರೆದುಕೊಂಡರು.

"ನಮಗೇನಪ್ಪ ಗೊತ್ತು," ಅಂದರು ಸಾಕವ್ವ. "ನಾವಿನ್ನೂ ಕೂತಿಲ್ಲ. ಅಲ್ಲೀ ತನಕ ಹೋಗಿ ಆಡ್ಕೋ ಹೋಗು."

ಕತೆ ಅಲ್ಲಿಗೆ ಹೋಯಿತು, ನಾನು ಇಲ್ಲಿ ಉಳಿದೆ. ಇನ್ನು ನೀವೂ ಏಳಿ, ಬೇಗ ಏಳಿ. ಇನ್ನೊಂದು ಗಳಿಗೆ ಹೀಗೇ ಕೂತಿದ್ದರೆ, ನಾನು ಈ ಕತೆಯನ್ನು ಎಲ್ಲಿ ನಿಂತು ಹೇಳಬೇಕಾಗಿತ್ತು ಅಂತ ಶುರು ಮಾಡಿಬಿಡುತ್ತೀರಿ.