ಹಿಟ್ಟಿನ ಪುಟಕ್ಕೆ ಬೀಗ

ಬನ್ನಿ, ಗೋಡೆಗೆ ಒರಗಿ ಕೂತುಕೊಳ್ಳಿ. ಮೊಬೈಲನ್ನು ದೂರ ಇಡೋದೇನೂ ಬೇಡ, ಮಗ್ಗುಲಲ್ಲೇ ಇರಲಿ. ಈ ಕಥೆ ಅರ್ಧ ಅದರೊಳಗೇ ನಡೆದದ್ದು.

ಮಲಪ್ರಭೆ ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಮೋನಪ್ಪಜ್ಜ ಅಂತ ಗುರುಗಳು, ಫಕೀರೇಶ ಅಂತ ಶಿಷ್ಯ.

ಫಕೀರೇಶನಿಗೆ ಒಂದೇ ಹುಚ್ಚು. ಇಂಟರ್ನೆಟ್ಟಿನಲ್ಲಿ ಕನ್ನಡದ ಮಾತುಗಳಿಗೊಂದು ಕಣಜ ಕಟ್ಟಿದ್ದ. ಯಾರು ಬೇಕಾದರೂ ಪುಕ್ಕಟೆ ಓದಬಹುದು. ತಮ್ಮ ಹೆಸರು, ಊರು ಹಾಕಿ ಮಾತಿನ ಅರ್ಥ ಬರೆಯಬಹುದು. ಇನ್ನೊಬ್ಬರು ಬರೆದದ್ದನ್ನು ತಿದ್ದಲೂಬಹುದು.

ಕಣಜ ಇದ್ದದ್ದು ಪಟ್ಟಣದ ಕಾಲೇಜೊಂದರ ಹಳೇ ಕಂಪ್ಯೂಟರಿನಲ್ಲಿ. ಕರೆಂಟು ಹೋದರೆ ಕಣಜವೂ ಹೋಯಿತು, ಬಂದರೆ ಬಂತು.

ಆ ಕಾಲೇಜಿನ ಪ್ರೊಫೆಸರ್ ಕಲಾದಗಿಯವರಿಗೆ ಇದು ಸರಿಬರಲಿಲ್ಲ.

“ಹಾದಿಗೆ ಹೋಗೋರೆಲ್ಲ ಬರದದ್ದು ವಿದ್ಯೆ ಆಗತದೇನು? ಸೋಮವಾರ ಬಂದು ನೋಡತೀನಿ. ನಂಬಿಕಿ ಬಂದ್ರ ಇರಲಿ. ಇಲ್ಲಾಂದ್ರ ಮಷೀನು ಬಂದ್.”

ಫಕೀರೇಶ ಹಿತ್ತಾಳೆ ಪಾತ್ರೆ ತಿಕ್ಕಿದ ಹಾಗೆ ಒಂದೊಂದೇ ಪುಟ ತಿಕ್ಕುತ್ತ ಕೂತ. ಆಗ ಕಣ್ಣಿಗೆ ಬಿತ್ತು. ‘ಹಿಟ್ಟು’ ಅನ್ನುವ ಮಾತಿಗೆ ಅವನೇ “ಕಾಳು ಬೀಸಿದಾಗ ಬರುವ ಪುಡಿ” ಅಂತ ಬರೆದಿದ್ದ. ಅದರ ಕೆಳಗೆ ಯಾರೋ “ಸಾರಿನ ಜೊತೆ ಬಿಸಿಬಿಸಿ ಉಣ್ಣುವುದು” ಅಂತ ಸೇರಿಸಿದ್ದರು.

ಹಿಟ್ಟು ಯಾರಾದರೂ ಉಣ್ಣುತ್ತಾರೆಯೇ? ಕಿಡಿಗೇಡಿಗಳ ಕೆಲಸ ಅಂತ ಅಳಿಸಿದ. ಮರುದಿನ ಮತ್ತೆ ಬಂತು. ಅಳಿಸಿದ. ಮತ್ತೂ ಬಂತು, ಈ ಸಲ “ಅಳಿಸಿದವರಿಗೆ ಹಸಿವಾಗಿಲ್ಲ ಅಂತ ಕಾಣುತ್ತೆ” ಅನ್ನುವ ಒಗ್ಗರಣೆ ಸಮೇತ.

ಫಕೀರೇಶ ಆ ಪುಟಕ್ಕೆ ಬೀಗ ಹಾಕಿದ. ಇನ್ನು ಅವನ ಹೊರತು ಯಾರೂ ಅದನ್ನು ಮುಟ್ಟುವ ಹಾಗಿಲ್ಲ.

ಅಜ್ಜನ ಮುಂದೆ ಬಂದು ಹೇಳಿದ.

“ಅಜ್ಜಾರ, ಕಣಜ ಉಳೀಬೇಕಂದ್ರ ಒಂದು ಪುಟಕ್ಕ ಬೀಗ ಹಾಕಬೇಕಾತರಿ.”

“ಒಂದಕ್ಕ ಯಾಕ, ಎಲ್ಲಾಕ್ಕೂ ಹಾಕು. ಇಲಿ ಕಾಟ ತಪ್ಪತದ.”

“ಹಂಗ ಮಾಡಿದ್ರ ಕಣಜ ಯಾರಿಗೆ ಬಂತ್ರಿ?”

ಅಜ್ಜ “ಬರದವರು ಯಾರು?” ಅಂದರು.

“ಸಣ್ಣತಿಮ್ಮಕ್ಕ ಅಂತ್ರಿ. ಮಧುಗಿರಿ ಕಡೆ ಕೆರೆಕೋಡಿಹಳ್ಳಿ.”

“ಹೋಗು. ಉಂಡು ಬಾ.”

“ಸೋಮವಾರಕ್ಕ ನಾಕ ದಿನ ಉಳದಾವ್ರಿ.”

“ಹಂಗಾದ್ರ ಲಗೂ ಹೋಗು.”

ಬಸ್ಸಿನ ಮೇಲೆ ಬಸ್ಸು ಬದಲಿಸಿ ಹೋದ. ಮನೆ ಬಾಗಿಲಲ್ಲಿ ಮುದುಕಿ ಅವರೆಕಾಯಿ ಸುಲಿಯುತ್ತಿದ್ದಳು. ಅವಳೇ ಸಣ್ಣತಿಮ್ಮಕ್ಕ. ಯಾರು, ಏನು ಅಂತ ಕೇಳುವ ಮೊದಲೇ ಕರೆದಳು.

“ಬಿಸಿಲಲ್ಲಿ ಬಂದಿದ್ದೀಯ. ಒಳಗೆ ಬಾರಪ್ಪ, ಹಿಟ್ಟು ಉಂಡು ಮಾತಾಡುವಂತೆ.”

ಫಕೀರೇಶ ಬೆದರಿದ. “ಅಮ್ಮಾರ, ನೀರು ಒಂದು ತಂಬಿಗಿ ಇಡ್ರಿ. ಒಣಾ ಹಿಟ್ಟು ಗಂಟಲಾಗ ಇಳಿಯಂಗಿಲ್ಲ.”

“ಒಣ ಹಿಟ್ಟಾ? ನಿಮ್ಮೂರಲ್ಲಿ ನೆಂಟರಿಗೆ ಅದನ್ನಾ ಹಾಕೋದು?”

ತಟ್ಟೆಯಲ್ಲಿ ಬಂದದ್ದು ಹಬೆಯಾಡುವ ರಾಗಿ ಮುದ್ದೆ, ಪಕ್ಕದಲ್ಲಿ ಅವರೆಕಾಳಿನ ಸಾರು.

“ಇದಕ್ಕ ಹಿಟ್ಟು ಅಂತೀರೇನ್ರಿ?”

“ಇನ್ನೇನಂತಾರೆ? ಅಗೀಬೇಡ ಕಣಪ್ಪ, ನುಂಗು. ನಮ್ಮಜ್ಜಿ ಕಾಲದಿಂದ ಇದೇ ಮಾತು. ನಾನು ಹೇಳ್ದೆ, ಮೊಮ್ಮಗಳು ಮೊಬೈಲಲ್ಲಿ ಬರೆದ್ಲು. ಯಾವುದೋ ಮುಂಡೇದು ಅಳಿಸ್ತಾನೇ ಐತೆ. ಈಗ ಬೀಗ ಬೇರೆ ಜಡ್ದೈತಂತೆ.”

ಆ ಮುಂಡೇದು ತಗ್ಗಿಸಿದ ತಲೆ ಎತ್ತದೆ ತಟ್ಟೆ ಖಾಲಿ ಮಾಡಿತು.

ಸೋಮವಾರ ಪ್ರೊಫೆಸರು ಕುರ್ಚಿ ಎಳೆದು ಕೂತರು. ಫಕೀರೇಶ ಅವರ ಕಣ್ಣೆದುರಿಗೇ ಬೀಗ ತೆಗೆದು, ಮುದುಕಿಯ ಮಾತನ್ನು ತನ್ನ ಮಾತಿನ ಕೆಳಗೆ ಇಟ್ಟ. ನಡೆದದ್ದನ್ನೆಲ್ಲ ಹೇಳಿದ. ಬೈಸಿಕೊಂಡದ್ದನ್ನೂ ಬಿಡಲಿಲ್ಲ.

“ಅಂದ್ರ ನಿನ್ನ ಕಣಜದಾಗ ತಪ್ಪಿತ್ತು.”

“ಇತ್ತರಿ. ನಂದ ತಪ್ಪು.”

“ಇನ್ನೂ ಎಷ್ಟವ?”

“ಗೊತ್ತಿಲ್ಲರಿ. ಗೊತ್ತಿದ್ದವರು ಬರಲಿ ಅಂತನ ಬಾಗಲಾ ತೆರದದ್ದು.”

ಪ್ರೊಫೆಸರು ಎದ್ದು ಮಷೀನು ಬಂದ್ ಮಾಡಿದರು.

ಮಷೀನು ಹೋಯಿತು, ಕಣಜ ಹೋಗಲಿಲ್ಲ. ಓದುವವರು ತಮ್ಮ ತಮ್ಮಲ್ಲಿ ನಕಲು ಇಟ್ಟುಕೊಂಡಿದ್ದರು. ತಿಂಗಳೊಪ್ಪತ್ತಿನಲ್ಲಿ ಒಂದು ಸೈಕಲ್ ಅಂಗಡಿಯ ಕಂಪ್ಯೂಟರಿನಿಂದ ಮತ್ತೆ ತೆರೆದುಕೊಂಡಿತು. ಆಮೇಲೂ ಎರಡು ಸಲ ಕೆಟ್ಟಿತು, ಎರಡು ಸಲ ಎದ್ದಿತು.

ಸಣ್ಣತಿಮ್ಮಕ್ಕ ಮೊಮ್ಮಗಳ ಕೈಲಿ ನಾನೂರು ಮಾತು ಬರೆಸಿ, ತುಂಬು ಬಾಳು ಬಾಳಿ ಹೋದಳು. ಆ ಮೊಮ್ಮಗಳು ಈಗ ಊರಿನ ಶಾಲೆಯಲ್ಲಿ ಮೇಡಮ್ಮು. ಪ್ರೊಫೆಸರು ನಿವೃತ್ತರಾದರು. ದಿನಾ ಮುಂಜಾನೆ ಚಹಾ ಕುಡಿಯುತ್ತ ಕಣಜದ ಕಾಗುಣಿತ ತಿದ್ದುತ್ತಾರೆ, ಮಧ್ಯಾಹ್ನ ಸಿಕ್ಕವರಿಗೆಲ್ಲ ಅದನ್ನು ನಂಬಬೇಡಿ ಅನ್ನುತ್ತಾರೆ. ಫಕೀರೇಶನ ತಲೆ ನರೆತಿದೆ, ಕನ್ನಡಕ ಬಂದಿದೆ. ಅವನು ಮತ್ತೆ ಯಾವ ಪುಟಕ್ಕೂ ಬೀಗ ಹಾಕಲಿಲ್ಲ.

ಇನ್ನು ಮೋನಪ್ಪಜ್ಜ. ಅವರು ಹಾಸಿಗೆ ಹಿಡಿದಾಗ ಫಕೀರೇಶ ಕಾಲ ಬಳಿ ಕೂತು ಕೇಳಿದ.

“ಅಜ್ಜಾರ, ‘ಗುರು’ ಅನ್ನೋ ಪುಟ ಇನ್ನೂ ಖಾಲಿ ಐತರಿ. ತಪ್ಪು ಬರದುಬಿಟ್ಟೇನೋ ಅಂತ ಅಂಜಿಕಿ.”

“ತಿಳದಷ್ಟು ಬರಿ, ತಮ್ಮಾ. ನಿನ್ನ ತಪ್ಪು ಕಂಡಾಗ ಅಲ್ಲೇನು ಇನ್ನೊಬ್ಬರು ಬಾಯಿ ತೆರಿಯೋದು.”