ಅಡ್ಡಮರದ ಸುಣ್ಣ

ಹೊಳೆದಂಡೆಯಲ್ಲೊಂದು ಮಠ. ಮಠದ ಹಿಂದೊಂದು ಮೈದಾನ.

ಇಲ್ಲಿ ಪೂಜೆಗಿಂತ ಆಟವೇ ಹೆಚ್ಚಾಯಿತು ಎಂದು ದೂರು ಹೇಳಲು ಊರ ಹಿರಿಯರು ಆಗಾಗ ಬರುತ್ತಿದ್ದರು. ಬಂದವರು ಆಟ ಮುಗಿಯುವ ತನಕ ಕೂತು, ದೂರು ಮರೆತು, ಮನೆಗೆ ಹೋಗುತ್ತಿದ್ದರು.

ಮಠದ ಗುರು ನಿರುಪಾದಿ ಅಜ್ಜಾರು. ಅವರು ಕಟ್ಟಿದ ಸಂಘದಲ್ಲಿ ಫುಟ್‌ಬಾಲ್ ತಂಡವಿತ್ತು, ರಗ್ಬಿ ತಂಡವಿತ್ತು, ಮಂಡಿನೋವಿನವರಿಗೆ ಕೇರಂ ಇತ್ತು. ರಗ್ಬಿ ಆ ಊರಿಗೆ ಹೇಗೆ ಬಂತು ಎನ್ನುವುದಕ್ಕೆ ನಾಲ್ಕು ಕಥೆಗಳಿವೆ. ನಾಲ್ಕನ್ನೂ ಹಬ್ಬಿಸಿದವನು ನಾನೇ ಆದ್ದರಿಂದ ಅದನ್ನು ಬಿಡೋಣ.

ಎರಡೂ ಆಟಕ್ಕೆ ಮೈದಾನ ಒಂದೇ, ಕಂಬಗಳೂ ಅವೇ. ಎತ್ತರದ ಎರಡು ಕಂಬ, ನಡುವೆ ಒಂದು ಅಡ್ಡಮರ. ಫುಟ್‌ಬಾಲಿನವರ ಚೆಂಡು ಅಡ್ಡಮರದ ಕೆಳಗೆ ನುಗ್ಗಿದರೆ ಗೋಲು. ರಗ್ಬಿಯವರ ಮೊಟ್ಟೆಯಂಥ ಚೆಂಡು ಅದರ ಮೇಲೆ ಹಾರಿದರೆ ಅಂಕ.

ಸಂಘಕ್ಕೆ ಒಂದು ಪದ್ಧತಿಯಿತ್ತು. ಯಾರ ಒದೆತ ತಪ್ಪಿ ತಂಡ ಸೋತಿತೋ, ಅವನು ಮರುದಿನ ಬೆಳಿಗ್ಗೆ ಏಣಿ ಹತ್ತಿ ಅಡ್ಡಮರಕ್ಕೆ ಸುಣ್ಣ ಬಳಿಯಬೇಕು. ಬೆಲ್ಲದ ನೀರು, ಕತ್ತಾಳೆ ನಾರು ಹಾಕಿ ಕಲಸಿದ, ಅಂಬಲಿಯಷ್ಟು ಮಂದ ಸುಣ್ಣ. ಬಳಿದಾದ ಮೇಲೆ ಆ ಸೋಲಿನ ಮಾತನ್ನು ಯಾರೂ ಎತ್ತುವಂತಿಲ್ಲ.

ಎತ್ತುತ್ತಿದ್ದರು. ಆದರೆ ಮೆಲ್ಲಗೆ.

ಕೊಟ್ರೇಶ ಮಠದಲ್ಲೇ ಉಂಡು ಮಲಗುವ ಶಿಷ್ಯ, ಫುಟ್‌ಬಾಲ್ ತಂಡದವನು. ಆಚೆ ದಂಡೆಯ ಊರಿನವರ ಮೇಲಿನ ಪಂದ್ಯದಲ್ಲಿ, ಇನ್ನೇನು ಸೀಟಿ ಊದಬೇಕು ಎನ್ನುವಾಗ, ಅವನಿಗೊಂದು ಪೆನಾಲ್ಟಿ ಸಿಕ್ಕಿತು.

ಒದ್ದ. ಚೆಂಡು ಅಡ್ಡಮರದ ಮೇಲೆ ಹಾರಿ ಹೊಳೆಗೆ ಬಿತ್ತು.

ಬೆಳಿಗ್ಗೆ ಅವನು ಸುಣ್ಣ ಬಳಿಯುವಾಗ ಫುಟ್‌ಬಾಲ್ ನಾಯಕ ಯಾಕೂಬ್ ಕೆಳಗೆ ನಿಂತು ಏಣಿ ಹಿಡಿದಿದ್ದ.

“ಚೆಂಡು ಇಷ್ಟೊತ್ತಿಗೆ ಸಮುದ್ರ ಮುಟ್ಟಿರಬೇಕಲೇ ಕೊಟ್ರ,” ಎಂದ, ಮೆಲ್ಲಗೆ.

ಕೊಟ್ರೇಶ ನೇರ ಅಜ್ಜಾರ ಹತ್ತಿರ ಹೋದ. ಅವರು ಶೇಂಗಾ ಸುಲಿಯುತ್ತಿದ್ದರು.

“ಅಜ್ಜಾರ, ನನಗೊಂದು ದಾರಿ ಹೇಳ್ರೀ.”

“ಚೆಂಡು ಎಲ್ಲಿ ಹೋತು?”

“ಅಡ್ಡಮರದ ಮ್ಯಾಲ.”

“ಹಂಗಾದ್ರ ರಗ್ಬಿ ಆಡು. ಅಲ್ಲಿ ಅದಕ್ಕ ಅಂಕ ಕೊಡ್ತಾರ.”

ಅಜ್ಜಾರು ಚೇಷ್ಟೆ ಮಾಡಿದರೋ ಉಪದೇಶ ಮಾಡಿದರೋ ಶಿಷ್ಯನಿಗೆ ತಿಳಿಯಲಿಲ್ಲ. ಅವರ ಬಾಯಲ್ಲಿ ಶೇಂಗಾ ಇತ್ತು, ಮುಖ ನೋಡಿ ಹೇಳುವಂತಿರಲಿಲ್ಲ.

ಅವನು ರಗ್ಬಿ ತಂಡ ಸೇರಿದ. ನಾಯಕ ಹುಲುಗಪ್ಪ ಎಮ್ಮೆಯಂಥ ಆಳು. ಪ್ರೀತಿಯಿಂದ ತಬ್ಬಿಕೊಂಡಾಗ ಕೊಟ್ರೇಶನ ಬೆನ್ನೆಲುಬು ಲಟಕ್ಕೆಂದಿತು.

ಅಭ್ಯಾಸದಲ್ಲಿ ಅವನು ಒದ್ದದ್ದೆಲ್ಲ ಮೇಲೆ, ಇನ್ನೂ ಮೇಲೆ. ಮೈದಾನದ ಬೇವಿನ ಮರದ ಕಾಗೆಗಳು ಬೇರೆ ಮರ ನೋಡಿಕೊಂಡವು. ಕೊಟ್ರೇಶನಿಗೆ ಅನ್ನ ರುಚಿಸತೊಡಗಿತು.

ಆಚೆ ದಂಡೆಯ ರಗ್ಬಿಯವರು ಬಂದರು. ಆ ಪಂದ್ಯದಲ್ಲೂ ಕೊನೆಗೆ ಒಂದೇ ಒದೆತ ಉಳಿಯಿತು. ಕಂಬಗಳ ಎದುರಿಗೇ, ಸುಲಭದ್ದು.

ಒದ್ದ. ಚೆಂಡು ಅಡ್ಡಮರದ ಕೆಳಗೆ, ನಟ್ಟನಡುವೆ, ಎಷ್ಟು ಚೆಂದವಾಗಿ ನುಗ್ಗಿತೆಂದರೆ, ಗೆರೆಯಾಚೆ ನಿಂತಿದ್ದ ಯಾಕೂಬ್ ತಡೆಯಲಾರದೆ ಕೂಗಿಬಿಟ್ಟ:

“ಗೋಲ್!”

ಇಡೀ ದಂಡೆ ನಕ್ಕಿತು.

ಮರುದಿನ ಬೆಳಿಗ್ಗೆ ಏಣಿ ಹತ್ತಲು ಕೊಟ್ರೇಶ ಬರಲಿಲ್ಲ. ಅಜ್ಜಾರು ಸುಣ್ಣದ ಬಕೀಟು ಇಟ್ಟುಕೊಂಡು ಕಂಬದ ಬುಡದಲ್ಲಿ ಕೂತಿದ್ದರು. ಬಿಸಿಲು ಏರಿದ ಮೇಲೆ ಬಂದ. ಹೆಗಲಿಗೆ ಚೀಲವಿತ್ತು.

“ನಾ ಹೊಂಟೀನ್ರೀ ಅಜ್ಜಾರ. ಇನ್ನ ಈ ಜನ್ಮದಾಗ ಚೆಂಡು ಮುಟ್ಟಂಗಿಲ್ಲ.”

“ಯಾಕಪಾ?”

“ಕೆಳಗ ಒದ್ದರ ಮ್ಯಾಲ ಹೋಗ್ತದ. ಮ್ಯಾಲ ಒದ್ದರ ಕೆಳಗ ಹೋಗ್ತದ. ಆ ಮರಕ್ಕ ನನ್ನ ಮ್ಯಾಲ ಹಗೆ ಐತಿ.”

“ಕೇರಂ ಐತಲ್ಲ. ಅದಕ್ಕ ಅಡ್ಡಮರ ಇಲ್ಲ.”

“ಚೇಷ್ಟಿ ಬ್ಯಾಡ್ರೀ! ಹುಡುಗರು ನನಗ ಏನಂತಾರ ಗೊತ್ತೈತೇನು? ಸುಣ್ಣದ ಕೊಟ್ರ ಅಂತಾರ. ನಾಳೆ ನನ್ನ ಮಕ್ಕಳಿಗೂ ಅದ ಹೆಸರು ಉಳೀತದ.”

ಅವನ ಕಣ್ಣು ತುಂಬಿದ್ದವು. ಅಜ್ಜಾರು ನಗಲಿಲ್ಲ. ಎದ್ದು ಮಠದ ಅಡುಗೆಮನೆಗೆ ಹೋಗಿ, ಕಟ್ಟಿಗೆ ಒಡೆಯುವ ಕೊಡಲಿ ತಂದರು.

“ಮರದ್ದ ತಪ್ಪಾದ್ರ ಮರ ತೆಗೆಯೋಣ. ಹತ್ತು. ಕಡಿ. ಆಮ್ಯಾಲ ಹೋಗು.”

“ಖರೇನಾ?”

“ಕೊಡಲಿ ಭಾರ ಐತಿ, ಲಗೂನ ಹಿಡಿ.”

ಕೊಟ್ರೇಶ ಚೀಲ ಇಳಿಸಿದ. ಏಣಿ ಹತ್ತಿದ. ಎರಡು ಪಂದ್ಯದ ಸಿಟ್ಟನ್ನೆಲ್ಲ ಒಂದೇ ಏಟಿನಲ್ಲಿ ಹಾಕಿದ.

ಕಟ್ಟಿಗೆ ಕಡಿದ ಸದ್ದು ಬರಲಿಲ್ಲ. ಗಡಿಗೆ ಒಡೆದ ಸದ್ದು ಬಂತು.

ರೊಟ್ಟಿಯಗಲದ ಚೂರೊಂದು ಕಳಚಿ ಕೆಳಗೆ ಬಿತ್ತು. ಅವನು ತೂತಿನೊಳಗೆ ಇಣುಕಿದ. ಕೈ ಹಾಕಿದ. ಮೊಣಕೈವರೆಗೆ ಹೋಯಿತು.

“ಅಜ್ಜಾರ! ಒಳಗ ಮರಾನ ಇಲ್ಲರೀ! ಬರೇ ಟೊಳ್ಳು!”

“ಗೆದ್ದಲ ತಿಂದು ಯಾವ ಕಾಲಾತು.”

ಕೊಟ್ರೇಶ ಒಡೆದ ಅಂಚನ್ನು ನೋಡಿದ. ಉಳ್ಳಾಗಡ್ಡಿಯ ಹಾಗೆ ಪದರದ ಮೇಲೆ ಪದರ ಸುಣ್ಣ. ಒಂದು ಹಳದಿಗೆ ತಿರುಗಿತ್ತು, ಒಂದು ಬೂದಿ ಬಣ್ಣ, ಒಂದರೊಳಗೆ ಯಾರದೋ ಹೆಬ್ಬೆರಳು ಒತ್ತಿದ ಗುರುತು. ಎಲ್ಲಕ್ಕೂ ಹೊರಗಿನದು ಬೆಳ್ಳಗೆ, ಹೊಸದು. ಅವನೇ ಬಳಿದದ್ದು.

ಬರೀ ಸುಣ್ಣ ಹಾಗೆ ನಿಲ್ಲುವುದಿಲ್ಲ ಎಂದು ಎಂಜಿನಿಯರೊಬ್ಬರು ನನ್ನೊಡನೆ ಜಗಳಕ್ಕೇ ಬಂದರು. ನಾನು ಅದನ್ನು ಮುಟ್ಟಿ ನೋಡಿದ್ದೇನೆ. ಹೋಗಲಿ, ಮುಟ್ಟಿ ನೋಡಿದವನ ಕೈಯನ್ನಾದರೂ ಮುಟ್ಟಿ ನೋಡಿದ್ದೇನೆ.

“ಮತ್ತ ಇಷ್ಟು ದಿನ ಇದು ನಿಂತದ್ದು ಹೆಂಗ್ರೀ?” ಎಂದು ಕೊಟ್ರೇಶ ಕೇಳಿದ.

“ಗೆದ್ದವರು ಯಾರೂ ಇದಕ್ಕ ಕೈ ಹಚ್ಚಿಲ್ಲ, ತಮ್ಮಾ.”

ಕೊಟ್ರೇಶ ಆ ಹೆಬ್ಬೆರಳ ಗುರುತಿನಲ್ಲಿ ತನ್ನ ಹೆಬ್ಬೆರಳು ಇಟ್ಟು ನೋಡಿದ.

ಆಮೇಲೆ ಕೊಡಲಿ ಕೆಳಗೆ ಕೊಟ್ಟು, “ಬಕೀಟು ಕೊಡ್ರೀ,” ಎಂದ.

ಅಂದು ಅವನು ತೂತು ಮುಚ್ಚುವಷ್ಟು ದಪ್ಪಕ್ಕೆ ಬಳಿದ.

ಸುದ್ದಿ ಸಂಘದಲ್ಲಿ ಹಬ್ಬಿತು. ದಿನಾ ಅಡ್ಡಮರಕ್ಕೆ ಜೋತುಬಿದ್ದು ಮೈ ಸಡಿಲಿಸುತ್ತಿದ್ದ ಹುಲುಗಪ್ಪ ಈಗ ಅದರ ಕೆಳಗೆ ಹಾದುಹೋಗುವಾಗ ಉಸಿರನ್ನೂ ಮೆಲ್ಲಗೆ ಬಿಡತೊಡಗಿದ. ಯಾಕೂಬ್ ಮಾತ್ರ ಒಂದು ಮಧ್ಯಾಹ್ನ ಕಂಬಕ್ಕೆ ಒರಗಿ ಕೂತು, ಮೇಲೆ ನೋಡುತ್ತ, “ಮಧ್ಯದಾಗ ನಂದೂ ಒಂದು ಪದರ ಐತಿ,” ಎಂದ. ಯಾರೂ ನಗಲಿಲ್ಲ.

ಆಚೆ ದಂಡೆಯವರು ಫುಟ್‌ಬಾಲಿಗೆ ಮತ್ತೆ ಬಂದರು. ಯಾಕೂಬನ ತಂಡದಲ್ಲಿ ಒಬ್ಬ ಕಡಿಮೆಯಿದ್ದ. ಹುಲುಗಪ್ಪ ಕೊಟ್ರೇಶನನ್ನು ಕಂಕುಳಲ್ಲಿ ಎತ್ತಿ ತಂದು ಗೆರೆಯೊಳಗೆ ನಿಲ್ಲಿಸಿ, “ಆಟ ಮುಗಿದ ಮ್ಯಾಲ ವಾಪಸ್ ಕೊಡ್ರಲೇ,” ಎಂದ.

ಕೊನೆಗೆ ಮತ್ತೊಂದು ಪೆನಾಲ್ಟಿ.

ಯಾಕೂಬ್ ಚೆಂಡು ತಂದು ಗುರುತಿನ ಮೇಲಿಟ್ಟ. ಆಮೇಲೆ ಹಿಂದೆ ಸರಿದ.

“ಬಾರಲೇ ಕೊಟ್ರ.”

“ನಾನಾ? ನಿನಗ ತಲಿ ಕೆಟ್ಟೈತೇನು?”

“ನಾ ತಪ್ಪಿದರ ಏಣಿ ಹತ್ತಬೇಕು. ಮ್ಯಾಲ ಹತ್ತಿದರ ನನಗ ತಲಿ ತಿರುಗ್ತದ. ನಿನಗ ರೂಢಿ ಐತಿ.”

ಆಚೆ ದಂಡೆಯವರು ಚಪ್ಪಾಳೆ ತಟ್ಟಿ “ಸುಣ್ಣ! ಸುಣ್ಣ!” ಎಂದು ಕೂಗತೊಡಗಿದರು.

ಕೊಟ್ರೇಶ ನಕ್ಕ. ಆದರೆ ಒದೆಯದೆ, ಚೆಂಡನ್ನು ಅಲ್ಲೇ ಬಿಟ್ಟು ಗೆರೆಯ ಕಡೆಗೆ ಓಡಿದ. ಸೀಟಿ ಬಾಯಿಗಿಟ್ಟಿದ್ದ ರೆಫ್ರಿ, “ಎಲ್ಲಿಗೋ?” ಎಂದು ಕೂಗಿದ.

ಬೇವಿನ ಮರದ ಬುಡದಲ್ಲಿ ಅಜ್ಜಾರು ಬಕೀಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕೋಲಿನಿಂದ ಏನೋ ತಿರುವುತ್ತಿದ್ದರು.

“ಅಜ್ಜಾರ,” ಎಂದ, ಏದುಸಿರು ಬಿಡುತ್ತ. “ಈ ಸಲಾನೂ ತಪ್ಪಿದರ?”

ಅಜ್ಜಾರು ತಲೆ ಎತ್ತಲಿಲ್ಲ.

“ಸುಣ್ಣ ಆಗಲೇ ಕಲಸೀನಿ. ನೀ ಒದಿ ಹೋಗು.”